ಕಚ್ಚಿದ ಕ್ಯಾರೆಟ್

ಸಂಜೆಯಾದರೆ ಸಾಕು, ಬಣ್ಣದಣ್ಣನಿಗೆ ಬಲ್ಬುಗಳ ಮೇಲೆ ಸಿಟ್ಟು ಬರುತ್ತಿತ್ತು. ಹಗಲೆಲ್ಲ ನೆಟ್ಟಗಿರುವ ಕೋಣೆ ಹೊತ್ತು ಇಳಿದ ಕೂಡಲೇ ಮಸಿ ಬಳಿದ ಹಾಗಾಗುತ್ತಿತ್ತು. ಬಲ್ಬು ಬದಲಿಸಿದ. ಅದಕ್ಕಿಂತ ದೊಡ್ಡದು ತಂದು ಹಾಕಿದ. ಆದರೂ ಬಾಗಿಲ ಚೌಕಟ್ಟಿಗೆ ಹಣೆ ಚಚ್ಚಿಕೊಳ್ಳುವುದು ತಪ್ಪಲಿಲ್ಲ. ಕೆಳಗಿನ ಮನೆಯ ದರ್ಜಿ ಹಣೆಯ ಮೇಲಿನ ಬುಗುಟು ನೋಡಿ ನಕ್ಕುಬಿಟ್ಟ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬಲ್ಬಿಗೆ ಯಾಕಪ್ಪ ಬೈತೀಯ, ಹೋಗಿ ಕಣ್ಣು ತೋರಿಸು."

ಬಣ್ಣದಣ್ಣ ಹೋಗಲಿಲ್ಲ. ಕಣ್ಣು ಹೋಯಿತು ಎಂದು ಯಾರಾದರೂ ಬಾಯಿಬಿಟ್ಟು ಹೇಳಿಬಿಟ್ಟರೆ ತನಗೆ ಉಳಿಯುವುದೇನು ಎಂಬ ಭಯ ಅವನಿಗೆ. ಹೆಂಡತಿ ಹೋಗಿ ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಉಳಿದಿದ್ದದ್ದು ಕೆಲಸವೊಂದೇ, ಅದೂ ಕಣ್ಣಿನ ಕೆಲಸ.

ಅವನ ಕಸುಬು ತಿನ್ನಲಾಗದ ತಿನಿಸು ಮಾಡುವುದು. ಅಂಗಡಿಯ ಗಾಜಿನ ಹಿಂದೆ ಕೊಳೆಯದೆ ಕೂರುವ ಸೇಬು, ಶಾಲೆಯ ಕಪಾಟಿನಲ್ಲಿ ಧೂಳು ತಿನ್ನುವ ಮೊಟ್ಟೆ, ಮೀನು, ಎಲೆಕೋಸು. ಪ್ಲಾಸ್ಟರನ್ನು ಅಚ್ಚಿಗೆ ಸುರಿದು, ಒಣಗಿಸಿ, ತಿಕ್ಕಿ, ಬಣ್ಣ ಹಾಕುತ್ತಿದ್ದ. ಅವನದೊಂದು ಹಠವಿತ್ತು: ಅಸಲು ಪದಾರ್ಥ ಎದುರಿಗೇ ಇರಬೇಕು. ಅದರ ಮೇಲಿನ ಕಲೆ, ಹುಳ ಕೊರೆದ ತೂತು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಇಳಿಸಬೇಕು. ಅವನು ಹೀಗೆ ಎಲೆಕೋಸಿನ ನರ ಎಣಿಸುತ್ತ ಕೂತಿದ್ದರೆ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಚಾಕು ಹಿಡಿದು ನಿಲ್ಲುತ್ತಿದ್ದಳು.

"ಆಯ್ತೇನ್ರಿ? ನಿಮ್ಮ ಚಿತ್ರ ಮುಗಿಯೋ ಹೊತ್ತಿಗೆ ಅದಕ್ಕೆ ಮುಪ್ಪು ಬಂದಿರುತ್ತೆ. ಒಲೆ ಕಾಯ್ತಿದೆ."

"ಆಯ್ತು, ತಗೊ" ಎಂದು ಅವನು ಅಂದ ತಕ್ಷಣ ಎಲೆಕೋಸು ಪಾತ್ರೆಗೆ ಬೀಳುತ್ತಿತ್ತು. ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರೆ. ಈ ಗಂಡ ಹೆಂಡತಿ ಊಟ ಬಲ್ಲವರೇನಲ್ಲ, ಆರ್ಡರು ಬಂದದ್ದನ್ನು ಉಂಡವರು. ಒಂದು ವಾರ ಸೊಪ್ಪು, ಇನ್ನೊಂದು ವಾರ ಮೀನು, ಮತ್ತೊಂದು ವಾರ ಬಟಾಣಿ. ಹೀಗೆ ಅವರಿಗೇ ಗೊತ್ತಿಲ್ಲದೆ ತಟ್ಟೆಗೆ ಎಲ್ಲ ಬಣ್ಣವೂ ಬರುತ್ತಿತ್ತು.

ಅವಳು ಜ್ವರದಲ್ಲಿ ತೀರಿಕೊಂಡ ಮೇಲೆ ಮತ್ತೊಂದು ಎಲೆಕೋಸಿನ ಆರ್ಡರು ಬಂತು. ತಂದ, ಮಾಡಿದ, ಮುಗಿಸಿದ. "ಆಯ್ತು, ತಗೊ" ಎಂದು ಅಡುಗೆಮನೆಯ ಕಡೆ ಕೂಗಿಯೂ ಬಿಟ್ಟ. ಆ ಎಲೆಕೋಸು ಮೇಜಿನ ಮೇಲೆ ವಾಸನೆ ಬರುವವರೆಗೂ ಇತ್ತು.

ಅಲ್ಲಿಂದಾಚೆ ಅವನು ಅಸಲು ತರುವುದನ್ನೇ ಬಿಟ್ಟ. ಹಳೆಯ ಅಚ್ಚುಗಳಿದ್ದವು, ಬಣ್ಣ ನೆನಪಿನಲ್ಲಿತ್ತು. ಹೊಟ್ಟೆಗೆ ಬ್ರೆಡ್ಡು, ಅದನ್ನು ಅದ್ದಲು ಹಾಲಿಲ್ಲದ ಟೀ. ಬೆಳಿಗ್ಗೆಯೂ ಅದೇ, ರಾತ್ರಿಯೂ ಅದೇ. ಹಸಿವೇನೋ ಅಡಗುತ್ತಿತ್ತು. ಒಬ್ಬನಿಗಾಗಿ ಒಲೆ ಹಚ್ಚುವುದು ಅವನಿಗೆ ನಾಚಿಕೆಯ ಕೆಲಸವಾಗಿತ್ತು.

ಕಡೆಗೊಂದು ದಿನ ಸಂಜೆ ಮೆಟ್ಟಿಲು ಕಾಣದೆ ಮುಗ್ಗರಿಸಿ ದರ್ಜಿಯ ಬಾಗಿಲಿಗೇ ಬಂದು ಬಿದ್ದ. ಮರುದಿನ ದರ್ಜಿಯೇ ಅವನನ್ನು ದೊಡ್ಡಾಸ್ಪತ್ರೆಯ ಗೇಟಿಗೆ ಬಿಟ್ಟು ಹೋದ. ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿದರು. ಪೊರೆಯಿಲ್ಲ, ಗಿರೆಯಿಲ್ಲ. "ಇದು ಇರುಳುಗಣ್ಣು. ಊಟ ಏನು ಮಾಡ್ತೀರಿ?" ಎಂದರು.

"ಎಲ್ಲ ತಿಂತೀನಿ ಸಾರ್."

ಈ ಸುಳ್ಳನ್ನು ಒಂಟಿಯಾಗಿರುವವರೆಲ್ಲ ಹೇಳುತ್ತಾರೆ, ಡಾಕ್ಟರುಗಳಿಗೂ ಅದು ಗೊತ್ತಿರುತ್ತದೆ. ಅವರು ಮಾತ್ರೆ ಬರೆದುಕೊಟ್ಟು, ಕಾರಿಡಾರಿನ ಕೊನೆಯ ಕೋಣೆಯಲ್ಲಿ ಆಹಾರದ ಮೇಡಂ ಇದ್ದಾರೆ, ಅವರನ್ನೂ ಕಂಡು ಹೋಗಿ ಎಂದರು.

ಆ ಕೋಣೆಯ ಮೇಜಿನ ಮೇಲೆ ಒಂದು ದೊಡ್ಡ ತಟ್ಟೆಯಿತ್ತು. ಬೇಳೆ, ಮೊಟ್ಟೆ, ಮೀನು, ಬ್ರೆಡ್ಡು, ಸೊಪ್ಪು, ಕ್ಯಾರೆಟ್. ಎಲ್ಲವೂ ಪ್ಲಾಸ್ಟರು. ಬಣ್ಣದಣ್ಣ ಬಗ್ಗಿ ನೋಡಿದ. ಎಷ್ಟೋ ವರ್ಷದ ಹಿಂದೆ ಅವನೇ ಮಾಡಿಕೊಟ್ಟ ತಟ್ಟೆ ಅದು.

ಮೇಡಂ ಅವನಿಗೆ ಮಗಳ ವಯಸ್ಸಿನವಳು. ಅವಳಿಗೆ ಇದೊಂದೂ ಗೊತ್ತಿರಲಿಲ್ಲ. ಒಂದೊಂದನ್ನೇ ಎತ್ತಿ ತೋರಿಸಿದಳು: ಬ್ರೆಡ್ಡು ಓಡಾಡುವ ಶಕ್ತಿಗೆ, ಬೇಳೆ ಮೊಟ್ಟೆ ಮೈ ಕಟ್ಟುವುದಕ್ಕೆ, ಸೊಪ್ಪು ರಕ್ತಕ್ಕೂ ಕಣ್ಣಿಗೂ.

"ಕೆಲವನ್ನ ಮೈ ತಾನೇ ಮಾಡ್ಕೊಳ್ಳುತ್ತೆ ಯಜಮಾನ್ರೆ. ಇನ್ನು ಕೆಲವನ್ನ ಏನು ಮಾಡಿದ್ರೂ ಮಾಡ್ಕೊಳ್ಳಕ್ಕಾಗಲ್ಲ. ಅವು ಹೊರಗಿಂದಲೇ ಬರ್ಬೇಕು."

"ಎರಡು ವರ್ಷದಿಂದ ಬರೀ ಬ್ರೆಡ್ಡು, ಟೀ. ಹೊರಗಿಂದ ಬರದೇ ಇದ್ರೆ?"

"ಹಿಂದೆ ತಿಂದಿದ್ದನ್ನ ಲಿವರು ಒಂದಿಷ್ಟು ಕೂಡಿಟ್ಟಿರುತ್ತೆ. ಚೆನ್ನಾಗಿ ತಿಂದವರಿಗೆ ವರ್ಷದ ಮೇಲೂ ಬರುತ್ತೆ. ನೀವು ಒಂದು ಕಾಲದಲ್ಲಿ ಚೆನ್ನಾಗಿ ಉಂಡಿದ್ದೀರಿ ಅನ್ಸುತ್ತೆ. ಈಗ ಅದು ಮುಗಿದಿದೆ, ಅದಕ್ಕೇ ಸಂಜೆ ಕಣ್ಣು ಕಾಣ್ತಿಲ್ಲ."

ಬಣ್ಣದಣ್ಣ ಲೆಕ್ಕ ಹಾಕಿದ. ಹೆಂಡತಿ ಹೋದ ಮೇಲೂ ಇಷ್ಟು ಕಾಲ ತಾನು ಸಂಜೆಯ ಬೀದಿ ನೋಡಿದ್ದು, ಮೆಟ್ಟಿಲು ಹತ್ತಿದ್ದು, ಕುಂಚ ಹಿಡಿದದ್ದು ಅವಳು ಬಡಿಸಿದ್ದರಿಂದಲೇ. ಸತ್ತ ಮೇಲೂ ದೀಪ ಹಿಡಿದಿದ್ದಳು. ತನಗೆ ಅದು ತಿಳಿದದ್ದು ಎಣ್ಣೆ ತೀರಿದ ಮೇಲೆ.

ಅಷ್ಟರಲ್ಲಿ ಮೇಡಂ ಕ್ಯಾರೆಟ್ ಎತ್ತಿದಳು. ಅದರ ಒಂದು ಮಗ್ಗುಲಲ್ಲಿ ತುಂಡು ಹಾರಿ ಹಲ್ಲಿನ ಗುರುತಿತ್ತು.

"ಇದೊಂದು ನೋಡಿ. ಯಾವುದೋ ಮಗು ನಿಜವಾದದ್ದು ಅಂತ ಕಚ್ಚಿಬಿಟ್ಟಿದೆ. ಬಿಸಾಡಿ ಬೇರೆ ತರಿಸ್ಬೇಕು ಅಂತಿದ್ದೀನಿ."

"ಬಿಸಾಡಬೇಡಿ" ಎಂದ ಬಣ್ಣದಣ್ಣ. ದನಿ ಅವನಿಗೇ ಜೋರೆನಿಸಿತು. "ಮಗು ಅಲ್ಲಮ್ಮ. ನನ್ನ ಹೆಂಡತಿ."

ಈ ಕ್ಯಾರೆಟ್ ಮಾಡಿದ ದಿನ ಅವನ ಕೆಲಸ ತೀರ ನಿಧಾನವಾಗಿತ್ತು. ಕುಂಚ ತೊಳೆಯಲು ಎದ್ದು ಹೋಗಿ ಬರುವಷ್ಟರಲ್ಲಿ, ಹಸಿವು ತಡೆಯದೆ ಅವಳು ಅಸಲು ಕ್ಯಾರೆಟ್ಟಿಗೇ ಬಾಯಿ ಹಾಕಿದ್ದಳು. ಇವನು ಕೂಗಾಡಿದ. ಅವಳು ಅಗಿಯುತ್ತಲೇ, "ಇದ್ದದ್ದು ಇದ್ದ ಹಾಗೆ ಮಾಡೋದು ತಾನೆ ನಿಮ್ಮ ಹಠ? ಮಾಡಿ ನೋಡೋಣ" ಎಂದಳು. ಇವನೂ ಬಿಡಲಿಲ್ಲ. ಅವಳ ಮುಂದಿನ ಎರಡು ಹಲ್ಲಿನ ನಡುವಿನ ಸಂದನ್ನೂ ಬಿಡದೆ ಕೆತ್ತಿದ. ಆಸ್ಪತ್ರೆಯವರು ತಲೆಯೆತ್ತಿ ನೋಡದೆ ತೆಗೆದಿಟ್ಟುಕೊಂಡರು. ತಟ್ಟೆ ಕೊಟ್ಟು ಬರುವಾಗ ಗಂಡ ಹೆಂಡತಿ ದಾರಿಯುದ್ದಕ್ಕೂ ನಕ್ಕು ನಕ್ಕು ಸಾಕಾಗಿದ್ದರು.

ಇದನ್ನೆಲ್ಲ ಅವನು ತಡವರಿಸುತ್ತ ಹೇಳಿದ. ಮೇಡಂ ಆ ಗುರುತಿನ ಮೇಲೆ ಒಮ್ಮೆ ಬೆರಳಾಡಿಸಿ, ಕ್ಯಾರೆಟ್ಟನ್ನು ಅವನ ಕೈಗೆ ಕೊಟ್ಟಳು.

"ತಗೊಂಡು ಹೋಗಿ. ಇದರ ಬದಲು ಒಂದು ಹೊಸದು ಮಾಡ್ಕೊಡಿ. ಆದ್ರೆ ಅಸಲು ಎದುರಿಗಿಟ್ಕೊಂಡೇ ಮಾಡ್ಬೇಕು. ಆಮೇಲೆ ಅದನ್ನ ಬೇಯಿಸಿ ತಿನ್ಬೇಕು, ಎಣ್ಣೆ ಹಾಕಿ. ಬರೀ ಕ್ಯಾರೆಟ್ ಮೈಗೆ ಹತ್ತಲ್ಲ, ಅದಕ್ಕೂ ಜೊತೆ ಬೇಕು."

"ಅದಕ್ಕೂ" ಎಂದು ಬಣ್ಣದಣ್ಣ ಮೆಲ್ಲಗೆ ಹೇಳಿಕೊಂಡ.

ದಾರಿಯಲ್ಲಿ ಕ್ಯಾರೆಟ್ ಕೊಂಡ, ಮೊಟ್ಟೆ ಕೊಂಡ. ಹಳೆಯದನ್ನೂ ಅಸಲನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತ. ಪ್ಲಾಸ್ಟರು ಒಣಗಲು ಬಿಟ್ಟು ಬಣ್ಣ ಕಲಸಿ ನೋಡಿದ. ಇಷ್ಟು ದಿನ ನೆನಪಿನಿಂದ ಹಾಕಿದ ಬಣ್ಣ ಕ್ಯಾರೆಟ್ಟಿನದೇ ಆಗಿರಲಿಲ್ಲ. ಬೆಳಕು ಇಳಿಯುವ ಮೊದಲು ಸರಿಯಾದ ಬಣ್ಣ ಸಿಕ್ಕಿತು. ಅಡುಗೆಮನೆಯ ಕಡೆ ನೋಡಿದ. ಕೂಗಲಿಲ್ಲ. ತಾನೇ ಎದ್ದು ಕ್ಯಾರೆಟ್ಟನ್ನು ತೆಗೆದುಕೊಂಡು ಹೋದ.

ಹೆಚ್ಚುವ ಮೊದಲು ಒಂದು ಸಲ ಕಚ್ಚಿ ನೋಡಿದ. ಅವನ ಹಲ್ಲಿನ ಗುರುತು ಬೇರೆಯೇ ಇತ್ತು, ಮೊಂಡಾಗಿ, ಸಂದಿಲ್ಲದೆ. ಎಣ್ಣೆ ಕಾಯುವಷ್ಟರಲ್ಲಿ ಅವನ ಕತ್ತಲೆ ಬಂದುಬಿಟ್ಟಿತು. ಚಟಪಟ ಸದ್ದು ಕೇಳಿಕೊಂಡೇ ಕ್ಯಾರೆಟ್ ಹಾಕಿದ, ಮೊಟ್ಟೆ ಒಡೆದ. ತಟ್ಟೆ ತಡಕಿ ತಂದು ಮೇಜಿಗಿಟ್ಟ. ಒಂದು ಕೈ ತುತ್ತು ಎತ್ತುತ್ತಿತ್ತು, ಇನ್ನೊಂದು ಕೈಯ ಹೆಬ್ಬೆರಳು ಪ್ಲಾಸ್ಟರಿನ ಆ ಹಲ್ಲಿನ ಸಂದಿನಲ್ಲಿತ್ತು. ಉಪ್ಪು ಹಾಕಿರಲಿಲ್ಲ. ಕಣ್ಣೀರು ಬಂತು, ಒರೆಸಿಕೊಳ್ಳದೆ ತಿಂದ.

ಕೆಳಗಿನಿಂದ ದರ್ಜಿಯ ಕೂಗು ಕೇಳಿಸಿತು.

"ಏನಪ್ಪ ಬಣ್ಣದಣ್ಣ, ಮಹಡಿಯಿಂದ ಅಡುಗೆ ಘಮ ಬರ್ತಿದೆ! ಯಾರು ಬಂದಿದ್ದಾರೆ ಮನೆಗೆ?"

ಬಣ್ಣದಣ್ಣ ಬಾಯಲ್ಲಿದ್ದದ್ದನ್ನು ನುಂಗಿದ.

"ಯಾರೂ ಇಲ್ಲ" ಎಂದ. "ನಾನೇ, ಊಟ ಮಾಡ್ತಿದ್ದೀನಿ."