ಶಿಫ್ರಾ ಕೇಳಿದ ಪ್ರಶ್ನೆ

ಬೇಯುತ್ತಿರುವ ಬ್ರೆಡ್ಡಿನ ವಾಸನೆ ಬಾಗಿಲ ಸಂದಿಯಿಂದ ಬರುತ್ತಿದೆ, ಶುಕ್ರವಾರವಲ್ಲವೇ, ಶಿಶುವಿಹಾರದ ಮಕ್ಕಳು ಇಂದು ಹೊತ್ತು ಮುಳುಗಿದೊಡನೆ ಶುರುವಾಗುವ ವಿಶ್ರಾಂತಿ ದಿನ ಸಬ್ಬತ್ತಿಗೆಂದು ಹಿಟ್ಟನ್ನು ಜಡೆಯಂತೆ ಹೆಣೆದು ಒಲೆಗೆ ಕೊಟ್ಟಿರಬೇಕು, ನನಗೆ ಹಾಕಿರುವ ಕುರ್ಚಿಯೂ ಅವರ ಅಳತೆಯದೇ, ಮೊಣಕಾಲು ಎದೆಗೆ ತಾಗುತ್ತದೆ, ತೊಡೆಯ ಮೇಲೆ ಫಾರಂ — ಪರಿಶೀಲಕಿ: ಬ್ರೈನಾ ಲಾಸ್ಕಿ — ಇಪ್ಪತ್ತೆರಡು ವರ್ಷ ಮ್ಯಾಂಚೆಸ್ಟರಿನ ಯಹೂದಿ ಶಾಲೆಗಳನ್ನು ಸುತ್ತಿ, ಊರವರ ಮಕ್ಕಳಿಗೆ ದೇವರು ಎಷ್ಟು ಅರ್ಥವಾಗಿದ್ದಾನೆಂದು ಅಂಕ ಹಾಕಿದವಳು, ಬರೆ, ಸುಮ್ಮನೆ ಬರೆ, ಐದನೇ ತರಗತಿ, ಹದಿನಾಲ್ಕು ಮಕ್ಕಳು, ಶಿಕ್ಷಕ ಗೆರ್ಶೋನ್ ಪೆಲ್, ಪಾಠ: ಸಬ್ಬತ್ತಿನ ಸಂಜೆ ತಂದೆತಾಯಿ ಮಕ್ಕಳ ತಲೆಯ ಮೇಲೆ ಎರಡೂ ಕೈಯಿಟ್ಟು ಹೇಳುವ ಆಶೀರ್ವಾದ. ಹೀಬ್ರೂ ಉಚ್ಚಾರ ಚೆನ್ನಾಗಿದೆ, ಅರ್ಥವೂ ಗೊತ್ತಿದೆ, ಪೆಲ್‌ನ ಸ್ವೆಟರಿನ ಮೊಣಕೈ ಮಾತ್ರ ಹರಿದಿದೆ, ಅದಕ್ಕೆ ಫಾರಂನಲ್ಲಿ ಜಾಗವಿಲ್ಲ. ಕಿಟಕಿ ಬದಿಯ ಹುಡುಗಿ ಕೈ ಎತ್ತಿದ್ದಾಳೆ, ಎತ್ತಿಯೇ ಇದ್ದಾಳೆ, ಹೇಳು ಶಿಫ್ರಾ, ಎಂದ ಪೆಲ್, ಸರ್, ಮನೇಲಿ ಇಲ್ದೇ ಇರೋರಿಗೂ ಇದನ್ನ ಹೇಳ್ಬಹುದಾ? ಯಾರಮ್ಮ ಅದು, ಮನೇಲಿ ಇಲ್ದೇ ಇರೋರು? ಮನೆ ಬಿಟ್ಟು ಹೋದೋರು ಸರ್, ನಮ್ಮಪ್ಪ ನಂಗೆ ಹೇಳ್ತಾರೆ, ತಮ್ಮಂಗೆ ಹೇಳ್ತಾರೆ, ಅಕ್ಕನ ಸರದಿ ಬಂದಾಗ ಕೆಮ್ಮಿಬಿಟ್ಟು ಊಟಕ್ಕೆ ಕೂತ್ಕೊಳ್ಳಿ ಅಂತಾರೆ. ಹಿಂದೆ ಯಾರೋ ಕಿಸಕ್ಕೆಂದರು. ಪೆಲ್‌ನ ಮುಖ ಸುಣ್ಣವಾಯಿತು, ನನ್ನತ್ತ ನೋಡಿದ, ಬಾಗಿಲಿನತ್ತ ನೋಡಿದ, ಅದು ಇವತ್ತಿನ ಪಾಠದಲ್ಲಿಲ್ಲ, ಮುಂದಿನ ಸಾಲು ಓದು.

ಹುಡುಗಿ ಓದಿದಳು, ನಾನು ಬರೆದೆ, ವಿದ್ಯಾರ್ಥಿನಿಯ ಪ್ರಶ್ನೆಯನ್ನು ಶಿಕ್ಷಕರು ಅಡಗಿಸಿದರು, ಅಕ್ಷರ ದುಂಡಗೆ ಬಂತು — ಅಂದು ಮೊಟ್ಟೆ ಸುಲಿದಾಗಲೂ ಸಿಪ್ಪೆ ನೀಟಾಗಿ ಬಂದಿತ್ತು. ಹನ್ನೆರಡು ವರ್ಷವಾಯಿತು. ಮಗಳು ತಿರ್ಜಾ ಬ್ರಿಸ್ಟಲ್‌ನಲ್ಲಿ ಒಬ್ಬ ಹುಡುಗನನ್ನು ಮದುವೆಯಾದಳು, ಅವನು ನಮ್ಮವನಲ್ಲ, ಫೋನಿಟ್ಟವರೇ ನನ್ನ ಗಂಡ ಅನ್ಶೆಲ್ ಸಾವಾದ ಮನೆಯಲ್ಲಿ ಮಾಡುವಂತೆ ಅಂಗಿಯ ಕೊರಳಪಟ್ಟಿ ಹರಿದುಕೊಂಡರು, ಕನ್ನಡಿಗೆ ಬಟ್ಟೆ ಮುಚ್ಚಿದರು, ಏಳು ದಿನ ಗಿಡ್ಡ ಮಣೆಯ ಮೇಲೆ ಕೂತೆವು, ಬದುಕಿರುವ ಮಗಳಿಗೆ ಸೂತಕ, ಪಕ್ಕದ ಮನೆಯವರು ಸೂತಕದ ಮೊದಲ ಊಟವೆಂದು ಬೇಯಿಸಿದ ಮೊಟ್ಟೆ ತಂದರು, ತಿನ್ನು ಬ್ರೈನಾ, ತಿನ್ಲೇಬೇಕು, ಅಂದರು, ಸುಲಿದೆ, ತಿಂದೆ, ಉಪ್ಪು ಬೇಕಿತ್ತು, ಕೇಳಲು ನಾಚಿಕೆಯಾಯಿತು. ಏನನ್ನೂ ಕೇಳಲಿಲ್ಲ ನಾನು, ಹತ್ತು ವರ್ಷದ ಹುಡುಗಿ ಕೇಳಿದಳು.

ಮುಖ್ಯೋಪಾಧ್ಯಾಯಿನಿ ಲಿಯೋನಿ ಸಫ್ರನ್ ಕೋಣೆಯಲ್ಲಿ ಚಹಾ ತಣ್ಣಗಾಗಿದೆ, ನಾವು ಮೂವರು, ಪೆಲ್ ಕೂರುವುದಿಲ್ಲ, ನಿಂತೇ ಹೇಳುತ್ತಾನೆ, ಮೇಡಂ, ಆ ಮಗೂನ ಅಪ್ಪ ಇಲ್ಲಿ ಆಡಳಿತ ಮಂಡಳಿ ಅಧ್ಯಕ್ಷರು, ಅವಳಕ್ಕನ ಸುದ್ದಿ ನನ್ನ ಕ್ಲಾಸಲ್ಲಿ ಎದ್ದಿತು ಅಂತ ಗೊತ್ತಾದ್ರೆ ಸೋಮವಾರದಿಂದ ಇವಳೂ ಬರಲ್ಲ. ಪ್ರಶ್ನೆಗೆ ಮನ್ನಣೆ ಕೊಡಬೇಕಿತ್ತು ಮಿಸ್ಟರ್ ಪೆಲ್, ಎಂದೆ, ನನ್ನ ದನಿಯೋ ಫಾರಂನ ದನಿಯೋ, ಅವನು ತಲೆ ಎತ್ತಿ, ಸರಿ, ನೀವಾಗಿದ್ರೆ ಏನ್ ಹೇಳ್ತಿದ್ರಿ? ಬಾಯಿ ತೆರೆದೆ, ಮುಚ್ಚಿದೆ. ನಂಗೂ ಅಷ್ಟೇ ಮೇಡಂ ಬಾಯಿಗೆ ಬಂದಿದ್ದು, ಎಂದು ಸಣ್ಣಗೆ ನಕ್ಕು ಹೊರಟುಹೋದ. ಕೊನೆಗೆ ಏನಂತ ಬರೆದ್ರಿ? ಎಂದಳು ಸಫ್ರನ್. ಸುಧಾರಣೆ ಬೇಕು, ಎಂದೆ. ಅಬ್ಬಾ, ಸಾಕು ಮೇಡಂ, ವಸಂತದಲ್ಲಿ ಪಸ್ಕ ಹಬ್ಬಕ್ಕೆ ಪೆಲ್ ಅವರ ಕೆಲಸದ ಅವಧಿ ಮುಗಿಯುತ್ತೆ, ಅವರನ್ನ ಕಳಿಸೋಕೆ ಮಂಡಳಿಯವರಿಗೆ ಇಂಥದೊಂದು ಕಾಗದ ಬೇಕಿತ್ತು — ಕಾಗದ ಅವಳ ಕೈಗೆ ದಾಟಿತ್ತು, ಒಂದು ನಿಮಿಷ ಕೊಡಿ ಎನ್ನಬಹುದಿತ್ತು, ಪೆನ್ನು ಇನ್ನೂ ಬೆರಳಲ್ಲೇ ಇತ್ತು, ಅನ್ನಲಿಲ್ಲ, ಕ್ಯಾಪು ಹಾಕಿದೆ.

ಒಂದೂವರೆಗೆ ಶಾಲೆ ಬಿಟ್ಟಿತು, ಚಳಿಗಾಲದ ಸಬ್ಬತ್ತಿಗೆ ಅವಸರ ಹೆಚ್ಚು, ನಾಲ್ಕರೊಳಗೆ ಮೇಣದಬತ್ತಿ ಹಚ್ಚಬೇಕು, ಅನ್ಶೆಲ್ ಸೂಪು ಬಿಸಿಗಿಟ್ಟು ನನ್ನ ದಾರಿ ಕಾಯುತ್ತಿರುತ್ತಾರೆ, ಕೋಟಿನ ಗುಂಡಿ ಹಾಕುತ್ತಾ ಕಾರಿಡಾರಿನಲ್ಲಿ ಬರುತ್ತೇನೆ, ಖಾಲಿ, ಖಾಲಿ, ಐದನೇ ತರಗತಿಯಲ್ಲಿ ಮಾತ್ರ ದೀಪ, ಬಾಗಿಲ ಗಾಜಿನಾಚೆ ಪೆಲ್, ಅವನೆದುರು ಶಿಫ್ರಾ, ಬೆನ್ನಿಗೆ ಚೀಲ, ಮನೆಯ ಕಾರು ಇನ್ನೂ ಬಂದಿಲ್ಲವೇನೋ. ಹೇಳ್ಬಹುದಮ್ಮ, ಎನ್ನುತ್ತಿದ್ದಾನೆ, ಎಷ್ಟು ದೂರ ಇದ್ರೂ ಹೇಳ್ಬಹುದು, ಆಗ ಹೇಳ್ಲಿಲ್ಲ, ತಪ್ಪು ನಂದೇ, ನಿನ್ನಕ್ಕ ಎಷ್ಟೆತ್ತರ ಇದ್ದಾಳೆ? ಹುಡುಗಿ ತುದಿಗಾಲಲ್ಲಿ ನಿಂತು ಕೈ ಚಾಚಿ ತೋರಿಸಿದಳು, ಇಷ್ಟು ಸರ್, ಇನ್ನೂ ಸ್ವಲ್ಪ, ಹಾಂ ಅಷ್ಟು. ಪೆಲ್ ಅಲ್ಲಿಗೆ ಎರಡೂ ಅಂಗೈ ಒಯ್ದು ನಿಲ್ಲಿಸಿದ, ಕಣ್ಣು ಮುಚ್ಚಿದ, ತುಟಿ ಅಲುಗುತ್ತಿದೆ. ನನ್ನ ಕೈ ಬಾಗಿಲ ಹಿಡಿಯ ಮೇಲಿದೆ, ತಿರುಗಿಸುವುದಿಲ್ಲ, ತಿರ್ಜಾ ಎಷ್ಟೆತ್ತರ, ನನ್ನ ಕಿವಿಯವರೆಗೆ ಬರುತ್ತಿದ್ದಳೇ, ಹಣೆಯವರೆಗೆ, ಎಲ್ಲಿಗೆ ಒಯ್ಯಲಿ, ಗಾಜಿನಾಚೆ ಎರಡು ಅಂಗೈ, ಅವುಗಳ ಕೆಳಗೆ ಯಾರೂ ಇಲ್ಲ, ಎರಡು ಅಂಗೈ, ಅಲುಗದೆ, ಗಾಳಿಯಲ್ಲಿ, ಎರಡು ಅಂಗೈ —