ಮೂರಂಗುಲದ ಅಲಗು

ಪಂಚಾಕ್ಷರಯ್ಯನ ಮನೆಯಲ್ಲಿ ಒಂದು ಕತ್ತಿ ಇತ್ತು. ಇತ್ತು ಅಂದರೆ ತನ್ನ ಪಾಡಿಗೆ ತಾನು ಇರಲಿಲ್ಲ. ಬಂದುಹೋದವರ ಪ್ರಾಣ ತಿನ್ನುತ್ತಿತ್ತು. ಮುತ್ತಾತನಿಗೆ ಅದನ್ನು ಪಾಳೇಗಾರ ಕೊಟ್ಟದ್ದಂತೆ, ಮುತ್ತಾತ ಅದರಿಂದ ಕುದುರೆ ಸವಾರರನ್ನು ಕಡಿದನಂತೆ. ಅಪ್ಪ ಈ ಕಥೆ ಹೇಳುತ್ತಿದ್ದ ಕಾಲದಲ್ಲಿ ಸತ್ತ ಸವಾರರು ಮೂರೇ ಜನ. ಅರಕಲಗೂಡಿನ ಹೊಗೆಸೊಪ್ಪಿನ ಸಾಹುಕಾರನಾಗಿ ಮಗ ಪಂಚಾಕ್ಷರಯ್ಯ ಮೀಸೆ ತಿರುವುವ ಹೊತ್ತಿಗೆ ಹನ್ನೊಂದಾಗಿದ್ದರು.

ಹೊಳೆನರಸೀಪುರದ ಒಂದು ಮದುವೆಯಲ್ಲಿ, ಊಟದ ಪಂಕ್ತಿಯ ನಡುವೆ ಕತ್ತಿಯ ಮಾತು ಬಂದಾಗ, ದಂಡಿಗನಹಳ್ಳಿಯ ಪಟೇಲ ದೇವರಾಜೇಗೌಡ ಬಾಯಿಬಿಟ್ಟ. "ಸಾವ್ಕಾರ್ರೇ, ಅದು ಎಣ್ಣೆ ಪೀಪಾಯಿ ಪಟ್ಟಿ ಇರ್ಬೇಕು ಕಣ್ರೀ. ಯಾವನೋ ಬಡ್ದು ಕತ್ತಿ ಅಂತ ಕೊಟ್ಟವ್ನೆ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಸ್ವಂತ ಷಡ್ಡಕ ಪಾಯಸ ನೆತ್ತಿಗೇರಿಸಿಕೊಂಡು ನಕ್ಕ. ಅವತ್ತಿನಿಂದ ಪಂಚಾಕ್ಷರಯ್ಯ ಬೆನ್ನು ತಿರುಗಿಸಿದರೆ ಸಾಕು, ಜನರಿಗೆ ಅವನು ಪೀಪಾಯಿ ಸಾವ್ಕಾರ. ಅನ್ನ ಸೇರದೆ ಒಂದು ಸುತ್ತು ಇಳಿದುಹೋದ.

ಆ ವರ್ಷ, ಅಂದರೆ ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ, ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಅವನು ಒಂದು ಮಡಿಸುವ ಚಾಕು ನೋಡಿದ. ಅಲಗಿನ ಮೇಲೆ ಕೆರೆಯ ನೀರಿಗೆ ಗಾಳಿ ಬೀಸಿದ ಹಾಗೆ ಸಣ್ಣ ಸಣ್ಣ ಅಲೆಗಳು. ಡಮಾಸ್ಕಸ್ ಉಕ್ಕು ಅಂದ ಅಂಗಡಿಯವ. ಹಿಂದೆ ನಮ್ಮ ಸೀಮೆಯ ಉಕ್ಕೇ ಅಲ್ಲಿಗೆ ಹೋಗುತ್ತಿತ್ತಂತೆ; ಹಳೇ ಕತ್ತಿಗಳನ್ನು ಉಜ್ಜಿ ನಿಂಬೆಹುಳಿ ಸವರಿದರೆ ಅಸಲಿಯಲ್ಲಿ ಮಾತ್ರ ಅಲೆ ಏಳುತ್ತದಂತೆ.

ಪಂಚಾಕ್ಷರಯ್ಯನಿಗೆ ಹೋದ ಜೀವ ಬಂದಂತಾಯಿತು. ಮನೆಯ ಕತ್ತಿಯಿಂದ ಮೂರಂಗುಲ ಕೊಯ್ಯಿಸಿ ಚಾಕು ಮಾಡಿಸಿ ಜೇಬಿನಲ್ಲಿಟ್ಟರಾಯಿತು. ಯಾವ ಮದುವೆಯಲ್ಲಿ ಯಾವನು ನಕ್ಕರೂ ಅಲ್ಲೇ ಬಿಚ್ಚಿ ಮೂಗಿಗೆ ಹಿಡಿಯಬಹುದು. ಕಾರ್ತೀಕದ ಕಡೇ ಸೋಮವಾರ ಬಂದು ಕಣ್ಣಾರೆ ನೋಡು ಎಂದು ಗೌಡನಿಗೆ ಕಾಗದ ಬರೆದೇಬಿಟ್ಟ.

ಕಮ್ಮಾರ ಪಾಲಾಕ್ಷಾಚಾರಿ ಬಂದು ಕೇಳಿದ: "ಯಾವ ಮೂರಂಗುಲ ಸಾವ್ಕಾರ್ರೇ?"

ತಗೋ, ಅಲ್ಲಿಗೆ ಹದಿನೈದು ದಿನ ಹೋಯಿತು. ತುದಿ ತೆಗೆದರೆ ಸವಾರರನ್ನು ತಿವಿದ ಜಾಗವೇ ಹೋಗುತ್ತದೆ. ನಡು ತೆಗೆದರೆ ಕತ್ತಿ ಎರಡಾಗುತ್ತದೆ. ಹಿಡಿಯ ಹತ್ತಿರ ತೆಗೆದರೆ ಅಲ್ಲಿ ರಕ್ತ ತಗುಲಿದ್ದೇ ಸುಳ್ಳು. ಬೆಳಿಗ್ಗೆ ಪೂಜೆ ಮುಗಿಸಿ ಅದೇ ವಿಭೂತಿಯಲ್ಲಿ ಕತ್ತಿಯ ಮೇಲೆ ಗೆರೆ ಎಳೆಯುವುದು, ಸಂಜೆ ಒರೆಸುವುದು. ಹೆಂಡತಿ ಬಸವಲಿಂಗಮ್ಮ ನೋಡಿ ನೋಡಿ ಸಾಕಾಗಿ, "ಹೆಣ್ಣು ನೋಡಾಕೆ ಬಂದಾಗ ನನ್ನ ಇಷ್ಟೊತ್ತು ನೋಡ್ಲಿಲ್ಲ ನೀವು" ಅಂದಳು.

ಕೊನೆಗೆ ತುದಿಯೇ ಎಂದು ನಿಶ್ಚಯವಾಯಿತು. ಕೊಯ್ಯುವ ಮೊದಲು ಆಚಾರಿ ಹಿತ್ತಲಲ್ಲಿ ಕೂತು ತುಕ್ಕು ಕೆರೆದ, ಇಟ್ಟಿಗೆಪುಡಿ ಹಾಕಿ ಉಜ್ಜಿದ, ನಿಂಬೆಹುಳಿ ಸವರಿದ. ಕಾದರು. ಕಬ್ಬಿಣ ಮಡಕೆಯ ತಳದ ಹಾಗೆ ಒಂದೇ ಸಮ ಕಪ್ಪಾಯಿತು. ಅಲೆಯೂ ಇಲ್ಲ, ಅಲೆಯಪ್ಪನೂ ಇಲ್ಲ.

"ಇನ್ನೊಂದ್ ಸಲ ಆಕು," ಅಂದ ಪಂಚಾಕ್ಷರಯ್ಯ.

ಬಸವಲಿಂಗಮ್ಮ ಇನ್ನೊಂದು ನಿಂಬೆಹಣ್ಣು ತಂದು, ಹಿತ್ತಲ ಬಾಗಿಲಲ್ಲೇ ಈಳಿಗೆಮಣೆ ಹಾಕಿ ಹೋಳು ಮಾಡಿದಳು. ರಸ ಈಳಿಗೆಯ ಮೈಮೇಲೆ ಇಳಿಯಿತು. ಆಚಾರಿ ಕೈಲಿದ್ದ ಕತ್ತಿಯನ್ನು ನೆಲಕ್ಕೆ ಬಿಟ್ಟು ಎದ್ದ. "ಅವ್ವಾ, ಒಸಿ ಅಂಗೇ ಇರಿ."

ಈಳಿಗೆಯ ತುಂಬ ಅಲೆ. ಮೂವತ್ತು ವರ್ಷದ ಮಾವಿನಕಾಯಿ, ಹುಣಸೆಕಾಯಿಯ ಹುಳಿ ಕುಡಿದ ಅಲೆ.

"ಇದ್ಯಾವ ಈಳಿಗೆನೇ?" ಅಂದ ಪಂಚಾಕ್ಷರಯ್ಯ.

"ನಮ್ಮಜ್ಜಿ ಗಂಗಾಂಬಿಕೆದು. ಚನ್ನರಾಯಪಟ್ಟಣದಾಗೆ ನಮ್ಮ ತಾತ ಭಂಗಿ ಸೇದಿ, ಮನೇ ಕತ್ತಿ ಇಡ್ಕಂಡು ಬೀದೀಲಿ ಕುಣೀತಿದ್ರಂತೆ. ಅವ್ರು ಆಸನದ ಸಂತೆಗೆ ಓಗಿದ್ದಾಗ ಅಜ್ಜಿ ಆಚಾರಿ ಕರ್ಸಿ ಆ ಕತ್ತೀನೇ ಈಳಿಗೆ ಮಾಡಿಸ್ಬುಟ್ಳು. ತಾತ ಬಂದು ನೋಡುದ್ರೆ ಅದ್ರಾಗೆ ಕುಂಬಳಕಾಯಿ ಎಚ್ತಾ ಕೂತವ್ಳೆ. ನನ್ನ ಮದ್ವೇಲಿ ನಂಗೆ ಕೊಟ್ಳು."

ಗಂಡನ ಮುಖ ಹುಳ್ಳಗಾದದ್ದನ್ನು ಅವಳು ನೋಡಿದಳು. ಸೋಮವಾರಕ್ಕೆ ನಾಲ್ಕೇ ದಿನ. ಈಳಿಗೆಯ ಮೇಲೆ ಬೆರಳಾಡಿಸಿ, "ತುದೀಲಿ ಕಾಯಿ ತುರೀಬೇಕು, ಮುಟ್ಬೇಡಿ. ನಡೂಕ್ ಕೈ ಆಕ್ಬೇಡಿ. ಬುಡದಾಗೆ ಮೂರಂಗುಲ ತಕ್ಕಳಿ. ಗೌಡ್ರಿಗೆ ಏನಾರ ಏಳ್ಕಳಿ," ಅಂದಳು. ಅವನು ಹದಿನೈದು ದಿನದಲ್ಲಿ ಮಾಡಲಾಗದ ಆಯ್ಕೆ ಅವಳಿಗೆ ಒಂದು ಗುಟುಕು ಕಾಫಿಯಷ್ಟು ಹೊತ್ತಿನಲ್ಲಿ ಮುಗಿಯಿತು.

ಬೆಂಕಿ ತಗುಲಿದರೆ ಅಲೆ ಅಳಿದುಹೋಗುತ್ತದೆಂದು ಆಚಾರಿ ಅರದಲ್ಲೇ ಕೊಯ್ದ. ಬೀಟೆ ಮರದ ಹಿಡಿ ಕೂರಿಸಿದ. ಗಿಡ್ಡವಾದ ಈಳಿಗೆಯನ್ನು ಮತ್ತೆ ಮಣೆಗೆ ಬಡಿದುಕೊಟ್ಟ.

ಸೋಮವಾರ ಗೌಡ ಒಬ್ಬನೇ ಬರಲಿಲ್ಲ, ಮದುವೆಯಲ್ಲಿ ಜೋರಾಗಿ ನಕ್ಕ ನಾಲ್ವರನ್ನೂ ಗಾಡಿಯಲ್ಲಿ ತುಂಬಿಕೊಂಡು ಬಂದ. ಪಂಚಾಕ್ಷರಯ್ಯ ಜಗಲಿಯ ಮೇಲೆ ಕೂತು ಚಾಕು ಬಿಚ್ಚಿದ. ಬಿಸಿಲಿಗೆ ಅಲೆಗಳು ಓಡಿದವು. ಗೌಡ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ನಾನಂದದ್ದು ತೆಪ್ಪಾಯ್ತು ಸಾವ್ಕಾರ್ರೇ. ಇದು ನಿಮ್ಮ ಮುತ್ತಾತನ ಕತ್ತೀದೇಯಾ?"

ತಲೆ ಆಡಿಸಿದರೆ ಸಾಕಿತ್ತು. ಸತ್ತ ಸವಾರರು ಹನ್ನೊಂದರಿಂದ ಹದಿನೈದಾಗುತ್ತಿದ್ದರು. ಆದರೆ ತೆರೆದ ಬಾಗಿಲೊಳಗೆ ಬಸವಲಿಂಗಮ್ಮ ಬಂದವರ ಊಟಕ್ಕೆ ಬದನೆಕಾಯಿ ಹೆಚ್ಚುತ್ತಿದ್ದಳು. ಈಳಿಗೆ ಗಿಡ್ಡವಾಗಿದ್ದರಿಂದ ಮೊಣಕಾಲಿಗೆ ಹಣೆ ತಾಗುವಷ್ಟು ಬಗ್ಗಿದ್ದಳು. ಅದನ್ನು ಕಂಡು ಪಂಚಾಕ್ಷರಯ್ಯನಿಗೆ ಹುಟ್ಟಿದಾಗಿನಿಂದ ಆಗದಷ್ಟು ನಾಚಿಕೆಯಾಯಿತು.

"ಅಲ್ಲ ಗೌಡ್ರೇ," ಅಂದ. "ನಮ್ಮ ಕತ್ತಿ ನೀವಂದಂಗೆ ಪೀಪಾಯಿ ಪಟ್ಟೀನೇ. ಇದು ನಮ್ಮನೇವ್ಳ ಅಜ್ಜಿ ಈಳಿಗೇದು."

ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೌಡ ನಗಲಿಲ್ಲ. ಪಂಚಾಕ್ಷರಯ್ಯ ತಲೆ ತಗ್ಗಿಸಿ ಕೂತಿದ್ದ. ಮಾನ ಹೋಗಿತ್ತು, ಎದೆ ಹಗುರವಾಗಿತ್ತು.

ಬಸವಲಿಂಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಗೌಡನ ಮುಂದೆ ಕೈ ಚಾಚಿದಳು. ಅವನು ಚಾಕು ಕೊಟ್ಟ. ಅವಳು ಅದನ್ನು ಟಕ್ಕನೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಮ್ಮಜ್ಜೀದು ಅಂತ ಇಷ್ಟು ಜನದ ಮುಂದೆ ಅಂದ್ರಲ್ಲ, ಅಂಗಾದ್ರೆ ನನ್ನ ತಾವೇ ಇರ್ಲಿ," ಅಂದಳು ಗಂಡನಿಗೆ. "ಮೂಟೆ ಅಗ್ಗ ಕುಯ್ಬೇಕಾದ್ರೆ ಕೇಳಿ, ಕೊಡ್ತೀನಿ. ಈಗ ಎಲ್ಲಾರೂ ಊಟಕ್ಕೇಳಿ."

ಪಂಚಾಕ್ಷರಯ್ಯ ಬದುಕಿರುವ ತನಕ ಹೊಗೆಸೊಪ್ಪಿನ ಮೂಟೆ ಬಿಚ್ಚುವಾಗಲೆಲ್ಲ ಅಡುಗೆಮನೆ ಬಾಗಿಲಿಗೆ ಹೋಗಿ ನಿಂತು ಚಾಕು ಕೇಳಿದ.