ಕಿನುಯೊ ಅಜ್ಜಿಯ ಕೆಳಗೆ ಮಲಗಿದ್ದವನು

ಜಪಾನಿನ ನಮ್ಮ ಇಬುಸುಕಿ ಊರಿನವರಿಗೆ ಒಂದು ಕೆಟ್ಟ ಚಾಳಿ ಇದೆ, ಮೈ ಸುಟ್ಟರೂ ಸುಟ್ಟಿತು ಎನ್ನುವುದಿಲ್ಲ. ಕಡಲತೀರದ ಬಿಸಿ ಮರಳಿನಲ್ಲಿ ಕತ್ತಿನವರೆಗೆ ಹೂತುಕೊಂಡು, ಮುಖ ಕೆಂಪೇರಿದರೂ ಹಿತವಾಗಿದೆ ಎನ್ನುವ ಜನ. ಇಂಥವರಿಗೆ ಆಸ್ಪತ್ರೆಯಲ್ಲಿ ಶಾಖ ಚಿಕಿತ್ಸೆ ಕೊಡುವ ಕೆಲಸ ನನ್ನದು. ಹನ್ನೆರಡು ವರ್ಷದಿಂದ ತಲೆ ಚಚ್ಚಿಕೊಳ್ಳುತ್ತಿದ್ದೇನೆ.

ಕಿನುಯೊ ಅಜ್ಜಿ ಅವರೆಲ್ಲರಿಗಿಂತ ಹಠಮಾರಿ. ಮರಳಸ್ನಾನಕ್ಕೆ ಬಂದವರ ಮೇಲೆ ನಲವತ್ತು ವರ್ಷ ಸಲಿಕೆಯಿಂದ ಬಿಸಿ ಮರಳು ಎಳೆದವಳು. ಈಗ ಅವಳ ಬೆನ್ನುಮೂಳೆಯ ತುದಿಯಲ್ಲಿ ಗಡ್ಡೆ. ಕತ್ತರಿಸಿ ತೆಗೆಯಲು ಹೋದರೆ ಎರಡೂ ಕಾಲು ಸ್ವಾಧೀನ ತಪ್ಪುತ್ತವೆ ಎಂದು ಶಸ್ತ್ರವೈದ್ಯರು ಕೈಚೆಲ್ಲಿದ್ದರು. ಉಳಿದದ್ದು ಪ್ರೋಟಾನ್ ಕಿರಣ, ಜೊತೆಗೆ ವಾರಕ್ಕೊಮ್ಮೆ ನನ್ನ ಯಂತ್ರ. ಒಂದು ಗಂಟೆ ಗಡ್ಡೆಯನ್ನು ಬಿಸಿ ಮಾಡಿ ತಡಮಾಡದೆ ಕಿರಣದ ಕೋಣೆಗೆ ಕಳಿಸಬೇಕು. ಬಿಸಿಯಾದ ಗಡ್ಡೆಗೆ ಕಿರಣದ ಪೆಟ್ಟಿನಿಂದ ಚೇತರಿಸಿಕೊಳ್ಳುವುದು ಕಷ್ಟ. ಆದರೆ ಚರ್ಮ ಸುಟ್ಟರೆ ಶಾಖ ನಿಲ್ಲಿಸಬೇಕಾಗುತ್ತದೆ, ಗಡ್ಡೆ ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಅದಕ್ಕೇ ರೋಗಿಯ ಕೈಗೊಂದು ಗುಂಡಿ ಕೊಡುತ್ತೇವೆ. ಎಲ್ಲಿಯಾದರೂ ಚುರ್ ಎಂದರೆ ಒತ್ತಬೇಕು, ನಾವು ಶಾಖ ತಗ್ಗಿಸುತ್ತೇವೆ.

ಅಜ್ಜಿ ಒತ್ತಲಿಲ್ಲ. ಎರಡನೇ ವಾರ ಸೊಂಟದ ಹತ್ತಿರ ಅಂಗೈಯಗಲ ಕೆಂಪಾಗಿತ್ತು. ಇನ್ನೊಮ್ಮೆ ಹೀಗಾದರೆ ಶಾಖ ಬಂದ್ ಎಂದು ಅರಿಮುರಾ ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ನಾನೂ ಚೆನ್ನಾಗಿ ಬೈದೆ. ಇದೂ ಒಂದು ಬಿಸಿಯಾ ಎಂದು ಅಜ್ಜಿ ನಕ್ಕಳು.

ಅವತ್ತು ಹಾಸಿಗೆ ಒರೆಸುವಾಗ ನೋಡಿದೆ. ಬೆವರಿನಲ್ಲಿ ಮೂಡಿದ್ದ ಮೈಯಚ್ಚು ಅಜ್ಜಿಯದಾಗಿರಲಿಲ್ಲ. ಅವಳು ಹಿಡಿಯಷ್ಟು ಹೆಂಗಸು. ಅಚ್ಚಿಗೆ ಅಗಲವಾದ ಭುಜಗಳಿದ್ದವು, ಕಾಲು ಹಾಸಿಗೆಯ ತುದಿ ಮುಟ್ಟಿದ್ದವು. ಚರ್ಮ ತಂಪಾಗಿಡಲು ಯಂತ್ರಕ್ಕಿರುವ ನೀರಿನ ಚೀಲ ಸೋರಿರಬೇಕೆಂದು ತಿರುವಿ ನೋಡಿದೆ, ಸೋರಿರಲಿಲ್ಲ. ಮುಂದಿನ ವಾರವೂ ಅದೇ ಅಚ್ಚು. ಒಂದು ಗಂಟೆ ಕಾದ ಹಾಸಿಗೆಯ ಬಟ್ಟೆ ಮುಟ್ಟಿದರೆ ಕೊರೆಯುವಷ್ಟು ತಣ್ಣಗಿತ್ತು. ಯಾರಿಗೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ ನಾನು ಹೆದರಿದ್ದೆ.

ನಾಲ್ಕನೇ ವಾರ ಅಜ್ಜಿಯೇ ಬಾಯಿಬಿಟ್ಟಳು.

"ನನ್ನ ಕೆಳಗೆ ಒಬ್ಬ ಮಲಗವ್ನೆ ಕಣಮ್ಮ. ಗುಂಡಿ ಒತ್ತೋಕೋದ್ರೆ ಬೆರಳು ಹಿಡ್ಕೋತಾನೆ."

"ಯಾರಜ್ಜಿ?"

"ಆ ಒಸಾಕಾದೋನು."

ಆ ಕಥೆ ಊರಿಗೆಲ್ಲ ಗೊತ್ತು. ಮೂವತ್ತು ವರ್ಷದ ಹಿಂದೆ ಒಸಾಕಾ ಪೇಟೆಯಿಂದ ಬಂದ ಒಬ್ಬ ಗುಮಾಸ್ತ ಅಜ್ಜಿಯ ಕೈಯಿಂದ ಮರಳು ಹಾಕಿಸಿಕೊಂಡಿದ್ದ. ಹತ್ತು ನಿಮಿಷ ಸಾಕು, ಅವನು ಮುಕ್ಕಾಲು ಗಂಟೆ ಮಲಗಿದ್ದ. ಮರಳು ಸರಿಸಿದಾಗ ಉಸಿರಿರಲಿಲ್ಲ. 'ನಿದ್ದೆ ಬಂದಿದೆ ಎಂದುಕೊಂಡೆ, ಒಂದು ಸಲವೂ ಕೂಗಲಿಲ್ಲ' ಎಂದು ಅಜ್ಜಿ ಪೊಲೀಸರಿಗೆ ಹೇಳಿದಳು. ಎಂಥ ತಾಳ್ಮೆ ಅವನದು ಎಂದು ನಮ್ಮೂರಿನವರು ಸತ್ತವನನ್ನು ಹೊಗಳಿದರು.

ಐದನೇ ವಾರ ನಾನು ಅವಳ ಪಕ್ಕದಲ್ಲೇ ಕುಳಿತು ಕೈ ಹಿಡಿದುಕೊಂಡೆ. ಅರ್ಧ ಗಂಟೆ ಕಳೆಯಿತು. ಅಜ್ಜಿಯ ಹೆಬ್ಬೆರಳು ಗುಂಡಿಯ ಮೇಲೆ ನಡುಗುತ್ತಿತ್ತು, ಇಳಿಯುತ್ತಿರಲಿಲ್ಲ. ನನ್ನ ಬೆರಳನ್ನು ಅದರಡಿಗೆ ತೂರಿಸಿದೆ. ಅಲ್ಲಿ ಅವಳದಲ್ಲದ, ನನ್ನದಲ್ಲದ ಒಂದು ಬೆರಳಿತ್ತು, ಒದ್ದೆಯಾಗಿ, ತಣ್ಣಗೆ. ಕೈ ಕಿತ್ತುಕೊಂಡು ಓಡಬೇಕೆನಿಸಿತು. ಓಡಿದರೆ ಇವಳ ಗತಿ? ಯಂತ್ರದ ಪರದೆಯಲ್ಲಿ ಎಲ್ಲವೂ ಸರಿಯಾಗಿತ್ತು. ಎಲ್ಲಿ ಸುಡುತ್ತಿದೆ ಎಂದು ಅವಳೊಬ್ಬಳೇ ಹೇಳಬಲ್ಲಳು.

"ಗುಂಡಿ ಹಾಳಾಗ್ಲಿ. ಬಾಯಲ್ಲಿ ಹೇಳಿ ಅಜ್ಜಿ. ಎಲ್ಲಿ?"

ಅವಳು ಮುಖವನ್ನು ನನ್ನ ಕಡೆ ತಿರುಗಿಸಿದಳು.

"ಸುಡ್ತೈತೆ," ಎಂದಳು ಕೊನೆಗೆ, ಹುಟ್ಟಿ ಮೊದಲ ಸಲ. "ಎಡಗಡೆ. ತಾಳಕಾಗಲ್ಲ, ತೆಗಿಯಮ್ಮ."

ತಕ್ಷಣ ಯಂತ್ರ ತಗ್ಗಿಸಿ ಚೀಲ ಸರಿಸಿದೆ. ಚರ್ಮ ಇನ್ನೂ ಸುಟ್ಟಿರಲಿಲ್ಲ. ಕೈಯಲ್ಲಿದ್ದ ತಣ್ಣನೆಯ ಹಿಡಿತ ಸಡಿಲಾಯಿತು. ಉಳಿದ ಅರ್ಧ ಗಂಟೆಯೂ ಮುಗಿಯಿತು. ಅವಳನ್ನು ಗಾಲಿಮಂಚದಲ್ಲಿ ಕಿರಣದ ಕೋಣೆಗೆ ತಳ್ಳಿಕೊಂಡು ಹೋಗುವಾಗ ನನಗೆ ಸಂತೋಷಕ್ಕೆ ಅಳುವೇ ಬಂತು. ಅಜ್ಜಿ ಮಾತ್ರ ಸೂರು ನೋಡುತ್ತಿದ್ದಳು.

"ಅವ್ನೂ ಹಿಂಗೇ ಅಂದಿದ್ದ," ಎಂದಳು. "ಮೂರು ಸಲ ಅಂದ. ಪೇಟೆಯೋನು, ತಡ್ಕೊಳ್ಳೋದು ಕಲೀಲಿ ಅಂತ ನಕ್ಬಿಟ್ಟು ಇನ್ನೊಂದು ಸಲಿಕೆ ಹಾಕ್ದೆ."